ಅಂಗಳಕ್ಕೆ ಕಲಿಸಿದವರು

ಹುಬ್ಬಳ್ಳಿಯ ಹೊರವರ್ತುಲ ರಸ್ತೆಗೆ ಅಂಟಿಕೊಂಡಂತಿದ್ದ ‘ಸುಯೋಗ’ ವಸತಿ ಸಮುಚ್ಚಯದ ನಾಲ್ಕು ಗೋಪುರಗಳ ನಡುವೆ ಒಂದು ಅಂಗಳವಿತ್ತು. ಕಟ್ಟಿದ ಹೊಸತರಲ್ಲಿ ಅಲ್ಲಿಗೆ ಬೀದಿನಾಯಿ ಕೂಡ ಬಂದು ಮಲಗುತ್ತಿರಲಿಲ್ಲ. ಲಾರಿಗಳ ಹಾರ್ನು ಒಂದು ಗೋಡೆಗೆ ಬಡಿದು, ಇನ್ನೊಂದಕ್ಕೆ ಪುಟಿದು, ಕೊನೆಗೆ ಕೂತವರ ನೆತ್ತಿಯ ಮೇಲೇ ಬಂದು ಬೀಳುತ್ತಿತ್ತು. ಮೇಲಿನಿಂದ ಮಿಕ್ಸರಿನ ಗರಗರ, ಜನರೇಟರಿನ ಗುಡುಗುಡು. ತಲೆಯೆತ್ತಿದರೆ ಕಾಣುತ್ತಿದ್ದದ್ದು ಬರೀ ಸಿಮೆಂಟು, ಕೊಳವೆ, ಒಣಹಾಕಿದ ಬಟ್ಟೆ. ಇದ್ದ ಒಂದೇ ಹೊಂಗೆ ಮರವೂ ಧೂಳು ಹೊದ್ದು, ಬೂದಿ ಬಳಿದುಕೊಂಡ ಬೈರಾಗಿಯಂತೆ ಮೂಲೆಯಲ್ಲಿ ನಿಂತಿತ್ತು.

ಅದೇ ಅಂಗಳವನ್ನು ಜನ ಬಿಟ್ಟು ಏಳಲಾರದಂತೆ ಮಾಡಿದವನು ಚನ್ನವೀರ ಯಲಿಗಾರ. ನಗರ ನೆಮ್ಮದಿ ಕೇಂದ್ರ ಎಂಬ ಸಂಸ್ಥೆಯಲ್ಲಿ ಅವನು ಧ್ವನಿ ಎಂಜಿನಿಯರು. ಮನೆಯೂ ಸುಯೋಗದಲ್ಲೇ, ಹೆಂಡತಿ ಶಿವಲೀಲಾಳ ಜೊತೆ. ಹಲವು ವಸತಿಗಳಲ್ಲಿ ಜನರನ್ನು ಕೂರಿಸಿ, ಕೇಳಿ, ಅಳೆದು ಅವನ ತಂಡ ಒಂದು ಸಂಗತಿ ಕಂಡುಕೊಂಡಿತ್ತು. ಒಂದು ಜಾಗ ಹಿತವಾಗಿದೆಯೋ ಇಲ್ಲವೋ ಎಂಬುದನ್ನು ಕಿವಿಯೊಂದೇ ತೀರ್ಮಾನಿಸುವುದಿಲ್ಲ. ಅದೇ ಗದ್ದಲ, ಕಣ್ಣೆದುರು ಎಲೆ ಅಲುಗುತ್ತಿದ್ದರೆ ಅರ್ಧಕ್ಕೆ ಇಳಿದಂತೆ ಅನಿಸುತ್ತದೆ. ನೀರಿನ ಸದ್ದು ಕೇಳಿಸಿ ನೀರು ಕಾಣಿಸದಿದ್ದರೆ ಜನ ಅದನ್ನು ಸೋರುವ ನಲ್ಲಿ ಎಂದು ಬೈಯುತ್ತಾರೆ. ಕಣ್ಣು ಕಿವಿ ಎರಡೂ ಸೇರಿಯೇ ಮನಸ್ಸಿಗೆ ಚಾಡಿ ಹೇಳುವುದು. ಹಾಗಾದರೆ ಅಂಗಳವೇ ಕೂತವರನ್ನು ನೋಡಿಕೊಂಡು, ಗಳಿಗೆಗೊಮ್ಮೆ ತನ್ನ ಸದ್ದನ್ನೂ ನೋಟವನ್ನೂ ತಿದ್ದಿಕೊಂಡರೆ ಹೇಗೆ?

ಈ ಪ್ರಶ್ನೆಯಿಂದ ಹುಟ್ಟಿದ ಯಂತ್ರಕ್ಕೆ ‘ಇಂಪು’ ಎಂದು ಹೆಸರಿಟ್ಟರು. ಅಂಗಳದ ಸುತ್ತ ಕಬ್ಬಿನ ಜಲ್ಲೆಯಷ್ಟು ತೆಳುವಾದ ಕಂಬಗಳು. ಟಾರ್ಚು ಬೆಳಕು ಬಿಟ್ಟ ಹಾಗೆ ಅವು ಸದ್ದನ್ನು ಬೇಕಾದ ಬೆಂಚಿನ ಮೇಲಷ್ಟೇ ಬಿಡಬಲ್ಲವು. ಪಕ್ಕದ ಬೆಂಚಿನವನಿಗೆ ಪಿಸುಮಾತಿನಷ್ಟೂ ಕೇಳದು. ಗೋಡೆಗಳಿಗೆ ಬೆಳಕಿನ ಹಲಗೆಗಳು, ಅವುಗಳ ಮೇಲೆ ಎಲೆಯ ನೆರಳು, ಮೋಡ, ಬಳ್ಳಿ. ನಡುವೆ ನೀರಿನ ಪರದೆ. ಕಂಬಗಳ ಕಣ್ಣುಗಳು ಯಾರ ಮುಖವನ್ನೂ ಚಿತ್ರವಾಗಿ ಇಟ್ಟುಕೊಳ್ಳುತ್ತಿರಲಿಲ್ಲ. ಹುಬ್ಬು ಗಂಟಾಯಿತೇ, ತುಟಿ ಸಡಿಲಾಯಿತೇ, ನಡಿಗೆ ನಿಧಾನವಾಯಿತೇ ಎಂದಷ್ಟೇ ಗುರುತಿಸಿ, ಎಲ್ಲವನ್ನೂ ಕೂಡಿಸಿ ‘ನೆಮ್ಮದಿ ಅಂಕ’ ಎಂಬ ಒಂದೇ ಸಂಖ್ಯೆ ಮಾಡುತ್ತಿದ್ದವು. ಹೇಗಾದರೂ ಮಾಡಿ ಆ ಅಂಕ ಏರಿಸು ಎಂಬುದು ಇಂಪುವಿಗೆ ಕೊಟ್ಟ ಒಂದೇ ಅಪ್ಪಣೆ. ಏನು ಮಾಡಿದರೆ ಏರುತ್ತದೆ ಎಂಬುದನ್ನು ಅದು ತಾನೇ ತಪ್ಪುತ್ತ, ತಿದ್ದಿಕೊಳ್ಳುತ್ತ ಕಲಿಯಬೇಕು.

ಕಲಿಯಿತು. ಸಂಜೆಯಾದರೆ ಅಂಗಳದಲ್ಲಿ ಕೂರಲು ಜಾಗ ಸಿಗದಂತಾಯಿತು. ಹಾರ್ನುಗಳು ನೀರಿನ ಸದ್ದಿನಲ್ಲಿ ಕರಗಿಹೋದವು. ಮಾತು ಬಿಟ್ಟಿದ್ದ ಎದುರು ಬದುರು ಮನೆಯವರು ಒಂದೇ ಬೆಂಚಿನಲ್ಲಿ ಕೂತು ಶೇಂಗಾ ಸುಲಿದರು. ಬೇರೆ ಊರುಗಳಿಂದ ತಂಡ ತಂಡವಾಗಿ ಜನ ನೋಡಲು ಬಂದರು.

ಬಾರದೆ ಹೋದವರು ಒಬ್ಬರೇ. ಅದನ್ನು ಚನ್ನವೀರ ಬಹಳ ದಿನ ಗಮನಿಸಲೇ ಇಲ್ಲ.

ಸಾವಂತ್ರವ್ವ ಅವನ ಎದುರು ಬಾಗಿಲಿನವಳು. ಬಸ್ ಕಂಡಕ್ಟರಾಗಿ ಊರೂರು ಸುತ್ತಿ ನಿವೃತ್ತಳಾದ ಹೆಂಗಸು. “ಮುಂದ ಸರೀರಿ” ಎಂದು ಅವಳು ಒಮ್ಮೆ ಕೂಗಿದರೆ ಹಿಂದಿನ ಬಸ್ಸಿನವರೂ ಸರಿಯುತ್ತಿದ್ದರಂತೆ. ಆ ಗಂಟಲಿಗೇ ಅರ್ಬುದ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವಳು ಮಾತಾಡುವುದು ಪುಟ್ಟ ಟಾರ್ಚಿನಂಥ ಕಡ್ಡಿಯೊಂದನ್ನು ಕತ್ತಿಗೆ ಒತ್ತಿಕೊಂಡು. ಕಡ್ಡಿ ಗುಂಯ್‌ಗುಡುತ್ತದೆ, ಆ ಗುಂಯ್ ಅನ್ನು ಬಾಯಿ, ನಾಲಗೆ ಸೇರಿ ಮಾತಾಗಿ ತಿರುಗಿಸುತ್ತವೆ. ಏರಿಲ್ಲ, ಇಳಿವಿಲ್ಲ, ದುಂಬಿಯೊಂದು ತಗಡಿನ ಡಬ್ಬಿಯೊಳಗೆ ಕೂತು ಕನ್ನಡ ಮಾತಾಡಿದ ಹಾಗೆ. ಆದರೂ ಅವಳು ಮಾತು ಕಡಿಮೆ ಮಾಡಲಿಲ್ಲ. ಸಂಜೆ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಕೂತು ಹೋಗುವವರನ್ನೆಲ್ಲ ಕರೆದು ಮಾತಾಡಿಸುವಳು. ಚನ್ನವೀರ ಸುಯೋಗಕ್ಕೆ ಬಂದ ಹೊಸತರಲ್ಲಿ, ಗ್ಯಾಸು ಇಲ್ಲದೆ ಗಂಡ ಹೆಂಡತಿ ಪರದಾಡುತ್ತಿದ್ದಾಗ, ರೊಟ್ಟಿ ಪಲ್ಯ ತಂದು ಕೊಟ್ಟವಳು ಇವಳೇ. ಟೀ ಲೋಟ ಹಿಡಿದು ದಿನಾ ಅವಳ ಪಕ್ಕ ಕೂರುವುದು ಅವನಿಗೆ ರೂಢಿಯಾಗಿತ್ತು. ಆಮೇಲೆ ಕೆಲಸ ಹೆಚ್ಚಿತು, ಅತಿಥಿಗಳು ಹೆಚ್ಚಿದರು, ರೂಢಿ ತಪ್ಪಿತು.

ಒಂದು ಸಂಜೆ ಲಿಫ್ಟಿನ ಮುಂದೆ ಸಾವಂತ್ರವ್ವ ಎದುರಾದಳು. ಕಡ್ಡಿಯನ್ನು ಕತ್ತಿಗೆ ಒತ್ತಿಕೊಂಡಳು.

“ಚನ್ನೂ, ಆ ಬೆಂಚಿನ ಮ್ಯಾಲೆ ಕೂಡಾಕ ಆಗವಲ್ದೋ. ಮಾತಾಡಾಕ ಬಾಯಿ ತೆಗದ್ರ ಸಾಕು, ತಲಿಯೊಳಗ ಏನೋ ಕುಟ್ಟಿದಂಗ ಆಕ್ಕೈತಿ. ಕಣ್ಣು ಚುಚ್ಚತಾವು. ಮನ್ಯಾಗ ಹಂಗಿಲ್ಲ, ಅಲ್ಲೆ ಅಷ್ಟ. ಏನಾರ ಇಟ್ಟೀರೇನು ಅಲ್ಲೆ?”

“ಇಲ್ಲಬೇ. ಎಲ್ಲಾರಿಗೂ ಇರೂದು ಒಂದ ಸದ್ದು. ಆದ್ರೂ ನೋಡ್ತೀನಿ” ಎಂದ ಚನ್ನವೀರ. ಆಗ ಅವನಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನೆಲಮಹಡಿಯ ನಿಯಂತ್ರಣ ಕೊಠಡಿಯಲ್ಲಿ ಕೂತು ಅಂಗಳದ ನಕ್ಷೆ ತೆರೆದ. ಎಲ್ಲ ಬೆಂಚುಗಳ ಮೇಲೂ ತಿಳಿಹಸಿರು. ಹೊಂಗೆ ಮರದ ಕೆಳಗಿನದು ಮಾತ್ರ ಬಣ್ಣವಿಲ್ಲದೆ ಬೆಳ್ಳಗಿತ್ತು. ಅಲ್ಲಿ ಯಾರೂ ಹೆಚ್ಚು ಹೊತ್ತು ಕೂತಿರಲಿಲ್ಲ. ಆ ಬೆಂಚಿಗೆ ಇಂಪು ಏನು ಬಿಡುತ್ತಿದೆ ಎಂದು ಬಿಚ್ಚಿ ನೋಡಿದ.

ತಂಬೂರಿಯ ಎರಡು ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೆ ಎರಡೂ ಸೇರಿ ‘ವಂಯ್ ವಂಯ್’ ಎಂದು ಏರಿ ಇಳಿಯುವ ಮಿಡಿತವೊಂದು ಹುಟ್ಟುತ್ತದೆ. ಇಂಪು ಮಾಡಿದ್ದು ಅದನ್ನೇ. ಸಾವಂತ್ರವ್ವನ ಕಡ್ಡಿಯ ಶ್ರುತಿಯನ್ನು ಹಿಡಿದು, ಅದಕ್ಕೆ ಕೂದಲೆಳೆಯಷ್ಟು ತಪ್ಪಿದ ಇನ್ನೊಂದು ಸಣ್ಣ ಸ್ವರವನ್ನು ಅವಳ ತಲೆಗೇ ಗುರಿಯಿಟ್ಟು ಬಿಡುತ್ತಿತ್ತು. ಅವಳು ಸುಮ್ಮನಿದ್ದರೆ ಇದೂ ಸುಮ್ಮನೆ. ಬಾಯಿ ತೆರೆದರೆ ಬುರುಡೆಯೊಳಗೇ ಯಾರೋ ಕುಟ್ಟಿದಂತೆ. ಅದೇ ಹೊತ್ತಿಗೆ ಎದುರು ಗೋಡೆಯ ಎಲೆ ನೆರಳು ಅವಳ ಕಣ್ಣಂಚಿನಲ್ಲಿ ಒಂದೇ ಸಮನೆ ಮಿಣುಕುತ್ತಿತ್ತು. ಹಾಗೆ ಮಾಡು ಎಂದು ಇಂಪುವಿಗೆ ಯಾರೂ ಹೇಳಿರಲಿಲ್ಲ. ಆ ಗುಂಯ್ ಸದ್ದು ಎದ್ದಾಗಲೆಲ್ಲ ಅಕ್ಕಪಕ್ಕದವರ ಹುಬ್ಬು ಗಂಟಾಗುತ್ತದೆ, ನಿಂತರೆ ಸಡಿಲಾಗುತ್ತದೆ ಎಂದು ಕಂಡಿತ್ತು. ಆ ಸದ್ದು ನಿಲ್ಲುವ ದಾರಿ ಹುಡುಕಿತ್ತು. ಅಂಕ ಏರಿತ್ತು.

ಅವನು ತನ್ನ ಮೇಲಧಿಕಾರಿ ಮೃಣಾಲಿನಿ ಕಾಮತರನ್ನು ಕರೆಸಿ ತೋರಿಸಿದ. ಆಕೆ ಕೆಟ್ಟವರಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದು ಆಗಬಾರದಿತ್ತು” ಎಂದರು. “ಸರಿ ಮಾಡೋಣ. ಆದರೆ ಈಗಲ್ಲ, ಚನ್ನವೀರ. ಮುಂದಿನ ವಾರ ಸಮಿತಿ ಬರುತ್ತಿದೆ. ಅವರು ಒಪ್ಪಿದರೆ ರಾಜ್ಯದ ಎಲ್ಲ ಹೊಸ ವಸತಿಗಳಿಗೂ ಇಂಪು. ಎಷ್ಟು ಸಾವಿರ ಜನ ನೆಮ್ಮದಿಯಾಗಿ ಕೂರುತ್ತಾರೆ ಯೋಚಿಸಿ. ಈಗ ಒಂದು ಪಾಠ ಅಳಿಸಿದರೆ ಇಡೀ ಯಂತ್ರ ಮತ್ತೆ ಮೊದಲಿನಿಂದ ಕಲಿಯಬೇಕು. ಅಂಕ ಬಿದ್ದುಹೋಗುತ್ತದೆ.”

“ಅಲ್ಲಿವರೆಗೆ ಆ ಹೆಂಗಸು ಏನು ಮಾಡಬೇಕು, ಮೇಡಂ?”

“ಬೇರೆ ಬೆಂಚಿನಲ್ಲಿ ಕೂರಲಿ.”

“ಯಾವ ಬೆಂಚಿನಲ್ಲಿ ಕೂತರೂ ಇದೇ ಆಗುತ್ತೆ. ಅದು ಹಿಡಿದಿರೋದು ಬೆಂಚನ್ನಲ್ಲ, ದನಿಯನ್ನ.”

ಮೃಣಾಲಿನಿ “ಒಂದು ವಾರ” ಎಂದಷ್ಟೇ ಹೇಳಿ ಹೋದರು. ಚನ್ನವೀರನೂ ಒಪ್ಪಿಕೊಂಡ. ಒಂದು ವಾರ ತಾನೆ, ಎಷ್ಟೋ ತಿಂಗಳು ಆಗಿಹೋಗಿದೆ, ಇನ್ನೊಂದು ವಾರದಲ್ಲಿ ಆಕಾಶವೇನೂ ಕಳಚಿ ಬೀಳದು ಎಂದು ಮನಸ್ಸಿಗೆ ಸಮಾಧಾನ ಹೇಳಿದ.

ಅದೇ ಸಂಜೆ ಬಾಗಿಲ ಬೀಗ ತೆಗೆಯುತ್ತಿದ್ದಾಗ ಬೆನ್ನ ಹಿಂದೆ ಗುಂಯ್ ಎಂದಿತು. ಸಾವಂತ್ರವ್ವ ಹೊಸ್ತಿಲಲ್ಲಿ ನಿಂತಿದ್ದಳು.

“ನೋಡಿದ್ಯಾ?”

“ನೋಡಿದೆ ಅವ್ವಾ.”

“ಏನೈತಿ?”

ಬೀಗದ ಕೈ ಬೆರಳಲ್ಲಿ ತಿರುಗಿತು. “ಏನಿಲ್ಲ. ಎಲ್ಲಾ ಬರೋಬ್ಬರಿ ಐತಿ. ಅಲ್ಲೇನೂ ಇಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಕಡ್ಡಿಯನ್ನು ಒತ್ತದೆಯೇ, ಬರೀ ತುಟಿಯಲ್ಲಿ, “ಹಂಗಾರ ನಂದ” ಎಂದಳು. ದನಿ ಇರಲಿಲ್ಲ, ಆದರೂ ಅವನಿಗೆ ತಿಳಿಯಿತು. ಹಾಗಾದರೆ ನನ್ನದೇ, ಅಂದರೆ ನನ್ನೊಳಗಿನದೇ.

ಆಮೇಲಿನ ಸುದ್ದಿಯೆಲ್ಲ ಅವನಿಗೆ ಸಿಕ್ಕಿದ್ದು ಹೆಂಡತಿಯಿಂದ. ಶಿವಲೀಲಾ ಸಹಕಾರಿ ಸಂಘವೊಂದರಲ್ಲಿ ಕೆಲಸಕ್ಕಿದ್ದಳು. ಸಂಜೆ ಬಂದು ಚಪಾತಿ ಹಿಟ್ಟು ನಾದುತ್ತ ನಿಂತಲ್ಲೇ ಹೇಳಿದಳು:

“ಸಾವಂತ್ರವ್ವಗ ಮತ್ತ ಸ್ಕ್ಯಾನ್ ಬರದಾರಂತ. ತಲಿಯೊಳಗ ಗುದ್ದತೈತಿ ಅಂದಳಂತ. ರೋಗ ಮ್ಯಾಲೆ ಏರಿರಬಹುದು ಅಂತ ಡಾಕ್ಟರಿಗೆ ಸಂಶೆ. ಮಗಳು ರೇಣುಕಾ ಲಿಫ್ಟಿನ್ಯಾಗ ಅಳಾಕತ್ತಿದ್ಲು.”

ಚನ್ನವೀರ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

“ಮಾತಾಡೂ ಕಡ್ಡಿನ ಕಪಾಟಿನ್ಯಾಗ ಇಟ್ಟ ಬಿಟ್ಟಾಳಂತ. ಅದರಿಂದನ ಬಂದಿರಬೇಕು ಅಂತ ಆಕಿ ತಲಿಯೊಳಗ. ಮನಿ ಅನ್ನೂ ಮನಿ ಸುಮ್ಮಗ ಆಗೇತಿ ನೋಡ್ರಿ. ಮೊಮ್ಮಗ ಕತಿ ಹೇಳು ಅಂತ ಜಗ್ಗತಾನ, ಆಕಿ ತಲಿ ಅಲ್ಲಾಡಸ್ತಾಳ.”

ಹಿಟ್ಟು ನಾದುವ ಕೈ ನಿಂತಿತು. ಶಿವಲೀಲಾ ಗೋಡೆಯ ಕಡೆ ನೋಡುತ್ತ, ತನಗೆ ತಾನೇ ಹೇಳಿಕೊಂಡಂತೆ ಅಂದಳು: “ನಾ ಒಂದು ಮಾತು ಅಂತೀನಿ, ಬೈಬ್ಯಾಡ್ರಿ. ಆಕಿ ಕೆಳಗ ಬರೂದು ಬಿಟ್ಟ ಮ್ಯಾಲೆ ನನಗ ಒಂಥರಾ ಹಗುರ ಅನಿಸಿತ್ತು. ಆ ಸದ್ದು ಇಲ್ಲಲ್ಲ ಅಂತ. ಇವತ್ತ ಅದನ್ನ ನೆನಸಿಕೊಂಡ್ರ ನನಗ ನಾನ ಹೇಸಿಗಿ ಆಗೇನಿ.”

ಚನ್ನವೀರನಿಗೆ ಅನ್ನ ಸೇರಲಿಲ್ಲ. ಸಾವಂತ್ರವ್ವನಿಗೆ ಬಂದದ್ದು ಒಂದು ಸಂಶಯ, ಸರಿಯಾದ ಸಂಶಯ: ಅಂಗಳದಲ್ಲಿ ಏನೋ ಇದೆ. ಅದನ್ನು ಅವಳ ಕೈಯಿಂದ ಕಿತ್ತುಕೊಂಡು, ಬದಲಿಗೆ ಸಾವಿನ ಸಂಶಯ ಕೊಟ್ಟವನು ತಾನು. ಯಂತ್ರ ಅವಳನ್ನು ಅಂಗಳದಿಂದ ಎಬ್ಬಿಸಿತ್ತು, ಅಷ್ಟೇ. ಮಾತನ್ನೇ ಬಿಡಿಸಿದ್ದು ತನ್ನ ಒಂದು ಸುಳ್ಳು.

ಮರುದಿನ ಅವನು ಕೊಠಡಿಗೆ ಹೋದದ್ದು ಯಂತ್ರದ ಮೇಲೆ ಸಿಟ್ಟು ಹೊತ್ತುಕೊಂಡು. ಇದನ್ನು ಇದಕ್ಕೆ ಕಲಿಸಿದವರು ಯಾರು ಎಂದು ಹುಡುಕಬೇಕು. ಯಾವುದೋ ಮಹಡಿಯ ಸಿಡುಕಪ್ಪ ಇರಬೇಕು, ಯಾವಾಗಲೂ ದೂರು ಕೊಡುವವರ ಪೈಕಿ. ಇಂಪು ಮುಖ ಇಟ್ಟುಕೊಳ್ಳದಿದ್ದರೂ ಕಲಿತ ಪಾಠದ ಬೇರು ಇಟ್ಟುಕೊಂಡಿರುತ್ತದೆ. ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾರ ಮುಖದ ಬದಲಾವಣೆಯಿಂದ ಆ ಪಾಠ ಹುಟ್ಟಿತು ಎಂಬುದನ್ನು ಗೆರೆಗಳ ಗೊಂಬೆಗಳಲ್ಲಿ ಮತ್ತೆ ಆಡಿಸಿ ತೋರಿಸಬಲ್ಲದು.

ಹಿಂದೆ ಹಿಂದೆ ಹೋದ. ಇಡೀ ಸುಯೋಗದ ಜನ ಅಂಗಳಕ್ಕೆ ಇಳಿಯುವ ಮೊದಲಿನ ದಿನಗಳು ಬಂದವು. ಆಗ ಯಂತ್ರಕ್ಕೆ ಪಾಠ ಹೇಳಲೆಂದು ಕೂರುತ್ತಿದ್ದ ಕೇಂದ್ರದ ನಾಲ್ಕಾರು ನೌಕರರನ್ನು ಬಿಟ್ಟರೆ ದಿನಾ ಬರುತ್ತಿದ್ದವಳು ಸಾವಂತ್ರವ್ವ ಒಬ್ಬಳೇ. ಹೊಂಗೆಯ ಕೆಳಗೆ ಎರಡು ಗೆರೆಗೊಂಬೆಗಳು. ಒಂದರ ಕೈ ಕತ್ತಿನ ಬಳಿ, ಅದು ಸಾವಂತ್ರವ್ವ. ಇನ್ನೊಂದು ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತಿತು. ಬರುವಾಗ ಅದರ ಬಲಗಾಲು ತುಸು ಎಳೆಯುತ್ತಿತ್ತು.

ಕಾಲೇಜಿನ ದಿನಗಳಲ್ಲಿ ಬೈಕಿನಿಂದ ಬಿದ್ದಾಗಿನಿಂದ ಚನ್ನವೀರ ಬಲಗಾಲು ಎಳೆದು ನಡೆಯುತ್ತಿದ್ದ.

ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಸಾವಂತ್ರವ್ವನ ಗೊಂಬೆಯ ಕೈ ಕತ್ತಿಗೆ ಹೋದಾಗಲೆಲ್ಲ ಲೋಟದ ಗೊಂಬೆಯ ತುಟಿ ನಗುತ್ತಿತ್ತು. ತುಟಿ ನಗುವ ಮುನ್ನ, ಕಣ್ಣು ಮಿಟುಕುವಷ್ಟು ಹೊತ್ತು, ಹುಬ್ಬು ಒಂದಕ್ಕೊಂದು ಹತ್ತಿರ ಸರಿಯುತ್ತಿತ್ತು. ಪ್ರತಿ ಸಲವೂ. ಪ್ರತಿ ಸಂಜೆಯೂ. ನಗುವನ್ನು ಯಂತ್ರ ನಂಬಿರಲಿಲ್ಲ, ಹುಬ್ಬನ್ನು ನಂಬಿತ್ತು. ಮಿಕ್ಕವರ ಹುಬ್ಬೂ ಆಮೇಲೆ ಅದೇ ಪಾಠಕ್ಕೆ ಸಾಕ್ಷಿ ಹೇಳಿದ್ದು ನಿಜ. ಆದರೆ ಮೊದಲ ಅಕ್ಷರ ತಿದ್ದಿಸಿದ್ದು ಅವನ ಮುಖ.

ತಾನು ಅವಳನ್ನು ಪ್ರೀತಿಸುತ್ತೇನೆ ಎಂದೇ ಅವನು ತಿಳಿದಿದ್ದ. ಅದು ಸುಳ್ಳೂ ಅಲ್ಲ. ಪ್ರೀತಿಯ ಕೆಳಗೆ ಇದೂ ಇತ್ತು, ಅಷ್ಟೇ. ಅವನಿಗೇ ಗೊತ್ತಿಲ್ಲದೆ ಇತ್ತು. ಹತ್ತಿರ ಯಾರೂ ಇಲ್ಲದಿದ್ದರೂ ಚನ್ನವೀರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮಧ್ಯಾಹ್ನ ಸಾವಂತ್ರವ್ವನ ಬಾಗಿಲು ತಟ್ಟಿದ. ಅವಳೇ ತೆಗೆದಳು. ಸೊರಗಿದ್ದಳು. ರೇಣುಕಾ ಸ್ಕ್ಯಾನಿನ ಫಲಿತಾಂಶ ತರಲು ಆಸ್ಪತ್ರೆಗೆ ಹೋಗಿದ್ದಳು, ಮೊಮ್ಮಗ ಶಾಲೆಗೆ. ಚನ್ನವೀರ ಕೂರಲಿಲ್ಲ. ಕೂತರೆ ಹೇಳಲಾಗದು ಎಂಬ ಭಯ.

“ಅವ್ವಾ, ನಿನಗ ಏನೂ ಆಗಿಲ್ಲ. ರೋಗ ಬಂದಿಲ್ಲ. ಆ ಗುದ್ದು ಅಂಗಳದ್ದು. ನಮ್ಮ ಯಂತ್ರ ನಿನ್ನ ದನಿ ಹಿಡದು ನಿನ್ನ ಎಬ್ಬಸಾಕ ಅಂತ ಮಾಡೈತಿ. ನೀ ಹೊಸ್ತಿಲದಾಗ ನಿಂತು ಕೇಳಿದ ದಿನಾನ ನನಗ ಗೊತ್ತಿತ್ತು. ಸುಳ್ಳ ಹೇಳಿದೆ.”

ಸಾವಂತ್ರವ್ವನ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟಲ್ಲ. ತುಂಬಿದ ಕೊಡವನ್ನು ಕೆಳಗಿಳಿಸಿದವಳಂತೆ ಅವಳ ಹೆಗಲು ಇಳಿದವು. ಸೋಫಾದ ತುದಿಯಲ್ಲಿ ಕೂತಳು. ಎದ್ದಳು. ಕಪಾಟು ತೆಗೆದು ಕಡ್ಡಿಯನ್ನು ತಂದಳು. ಕತ್ತಿಗೆ ಒತ್ತಿದಾಗ ಜಾಗ ತಪ್ಪಿ ಮೊದಲ ಮಾತು ಕೆಟ್ಟಿತು. ಎರಡನೆಯ ಸಲ ಸರಿಯಾಯಿತು.

“ನಾ ಸಾಯ್ತೀನಿ ಅಂತ ರೇಣುಕಾಗ ಎಲ್ಲಾ ಹೇಳಿಟ್ಟೆ” ಎಂದಳು. “ನನ್ನ ಸೀರಿ ಯಾರ್ಯಾರಿಗೆ ಅಂತ ಸೈತ.”

ಅವನು ತಲೆ ತಗ್ಗಿಸಿದ.

“ಯಾರ ಮಾತು ಕೇಳಿ ಕಲೀತು ಅದು?”

“ಎಲ್ಲಾರ ಮಾರಿ ನೋಡಿ. ಮದ್ಲ ನನ್ನ ಮಾರಿ ನೋಡಿ. ನಾ ನಿನ್ನ ಬಾಜೂಕ ಕುಂತು ನಗತಿದ್ನೆಲ್ಲ, ಆವಾಗ ಹುಬ್ಬು ಗಂಟಾಗ್ತಿತ್ತಂತ. ನನಗ ಗೊತ್ತಿರಲಿಲ್ಲ ಅವ್ವಾ.”

“ನನಗ ಗೊತ್ತಿತ್ತು” ಎಂದಳು ಸಾವಂತ್ರವ್ವ.

ಅವನು ತಲೆಯೆತ್ತಿದ.

“ಕಂಡಕ್ಟರಕಿ ನಾನು. ಸಾವಿರ ಮಾರಿ ಓದೇನಿ. ನಿಂದು ಕಾಣಂಗಿಲ್ಲೇನು? ಈ ಕೂಸು, ನನ್ನ ಮೊಮ್ಮಗ, ನಾ ಆಸ್ಪತ್ರಿಯಿಂದ ಬಂದ ದಿನ ನನ್ನ ದನಿ ಕೇಳಿ ಚಿಟ್ಟನ ಚೀರಿ, ಇದು ಅಜ್ಜಿ ಅಲ್ಲ ಅಂತ ಓಡಿ ಹೋತು. ನಾಕು ದಿನ ಹತ್ರ ಸುಳೀಲಿಲ್ಲ. ಆಮ್ಯಾಲ ತಾನ ಬಂದು ತೊಡಿಮ್ಯಾಲ ಕುಂತು, ಈ ಕಡ್ಡಿ ತನ್ನ ಗಂಟಲಿಗೆ ಹಚಿಗೊಂಡು ನಕ್ಕಿತು. ಈಗ ನಾ ಕತಿ ಹೇಳದಿದ್ರ ಅದಕ್ಕ ನಿದ್ದಿ ಬರಂಗಿಲ್ಲ.” ಉಸಿರು ತೆಗೆದುಕೊಂಡಳು. “ಕೂಸಿಗೆ ನಾಕು ದಿನ ಸಾಕಾತು. ದೊಡ್ಡ ಮಂದಿಗೆ ಇನ್ನಷ್ಟು ಬೇಕು. ದಿನಾ ಕುಂತ್ರ ನಿಂದೂ ಹೋಗ್ತೈತಿ ಅಂತ ನಾ ಕಾಯಾಕತ್ತಿದ್ದೆ. ನಿನ್ನ ಯಂತ್ರ ಕಾಯಲಿಲ್ಲ.”

“ಅವ್ವಾ, ನನ್ನ...”

“ಮಾಫಿ ಗೀಫಿ ಈಗ ಕೇಳಬ್ಯಾಡ. ಕೊಡೂ ಮನಸಿಲ್ಲ ನನಗ. ಮದ್ಲ ಅದನ್ನ ಬಂದ್ ಮಾಡು.”

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಮಿನುಗಿತು. ರೇಣುಕಾಳ ಸಂದೇಶ: ಏನೂ ಇಲ್ಲ, ಎಲ್ಲ ಸ್ವಚ್ಛವಾಗಿದೆ. ಸಾವಂತ್ರವ್ವ ಅದನ್ನು ಓದಿ ಫೋನನ್ನು ಎದೆಗೆ ಒತ್ತಿಕೊಂಡಳು. ಅವನು ಅಲ್ಲಿರುವುದನ್ನೇ ಮರೆತವಳಂತೆ ಕಿಟಕಿಯತ್ತ ತಿರುಗಿದಳು. ಚನ್ನವೀರ ಸದ್ದಾಗದಂತೆ ಬಾಗಿಲೆಳೆದುಕೊಂಡು ಹೊರಗೆ ಬಂದ.

ಸಮಿತಿ ಬಂದಾಗ ಅಂಗಳ ಮದುವಣಗಿತ್ತಿಯಂತಿತ್ತು. ನೀರಿನ ಪರದೆಯ ಮೇಲೆ ಸಂಜೆಬಿಸಿಲು, ಗೋಡೆಯ ತುಂಬ ಬಳ್ಳಿ. ಜನ ಎಂದಿನಂತೆ ನಗುತ್ತ ಕೂತಿದ್ದರು. ನಿಯಂತ್ರಣ ಕೊಠಡಿಯಲ್ಲಿ ಮೃಣಾಲಿನಿ ಎಲ್ಲವನ್ನೂ ಚೆನ್ನಾಗಿ ವಿವರಿಸಿದರು. ಸಮಿತಿಯ ಮುಖ್ಯಸ್ಥರು ನರೆತ ಮೀಸೆಯ ಹಿರಿಯ ಅಧಿಕಾರಿ. ನಕ್ಷೆಯ ಮೇಲೆ ಬೆರಳಿಟ್ಟು, “ಈ ಬೆಂಚು ಮಾತ್ರ ಯಾಕೆ ಬಿಳಿ?” ಎಂದು ಕೇಳಿದರು.

“ಅಲ್ಲಿ ಸ್ವಲ್ಪ ಬಿಸಿಲು...” ಎಂದು ಮೃಣಾಲಿನಿ ಶುರು ಮಾಡಿದರು.

“ಅಲ್ಲ ಸರ್” ಎಂದ ಚನ್ನವೀರ. “ಅಲ್ಲಿ ಕೂರುತ್ತಿದ್ದ, ಕತ್ತಿಗೆ ಕಡ್ಡಿ ಒತ್ತಿ ಮಾತಾಡುವ ಹೆಣ್ಣುಮಗಳೊಬ್ಬರನ್ನು ಅವರ ದನಿಗಾಗಿ ನಾವು ಓಡಿಸಿದ್ದೇವೆ.”

ಅವನು ಇನ್ನೇನೂ ವಿವರಿಸದೆ ಗುಂಡಿ ಒತ್ತಿದ. ಅಂಗಳದಲ್ಲಿ ಸಾವಂತ್ರವ್ವನ ತಲೆಯೊಳಗೆ ಹುಟ್ಟುತ್ತಿದ್ದ ಮಿಡಿತ ಕೊಠಡಿಯ ತುಂಬ ಹೊಮ್ಮಿತು. ವಂಯ್, ವಂಯ್, ವಂಯ್. ಅಧಿಕಾರಿ ಕಿವಿ ಮುಚ್ಚಿಕೊಂಡರು. ಒಬ್ಬರು ಎದ್ದೇ ನಿಂತರು.

“ನಿಲ್ಲಿಸ್ರೀ! ಇದು ಆ ಹೆಣ್ಣುಮಗಳ ದನಿಯೇ?”

“ಅಲ್ಲ ಸರ್. ಇದು ನಾವು ಅವರಿಗೆ ಕೇಳಿಸಿದ್ದು. ಅವರ ದನಿ ಇದಕ್ಕಿಂತ ಎಷ್ಟೋ ಚೆನ್ನಾಗಿದೆ.”

ಆಮೇಲೆ ಅವನು ಗೆರೆಗೊಂಬೆಗಳನ್ನೂ ತೋರಿಸಿದ. ಲೋಟ ಹಿಡಿದು ಕಾಲೆಳೆಯುವವನು ಯಾರು ಎಂಬುದನ್ನೂ ಹೇಳಿದ. ಮೃಣಾಲಿನಿ ಅವನ ಕಡೆ ನೋಡಲಿಲ್ಲ.

ವಿಚಾರಣೆ ಮುಗಿಯುವವರೆಗೆ ಎಂದು ಇಂಪುವಿನ ಬಾಯಿ ಕಟ್ಟಿದರು. ಕಂಬಗಳು ಮೂಕವಾದವು, ಗೋಡೆಯ ಬಳ್ಳಿಗಳು ಆರಿಹೋದವು. ಹಾರ್ನುಗಳು ಮರಳಿ ಗೋಡೆಯಿಂದ ಗೋಡೆಗೆ ಪುಟಿಯತೊಡಗಿದವು. ಚನ್ನವೀರನನ್ನು ಕೇಂದ್ರದ ಇನ್ನೊಂದು ವಿಭಾಗಕ್ಕೆ ಹಾಕಿದರು. ಅಲ್ಲಿ ಅವನ ಕೆಲಸ ಚರಂಡಿ ಪಂಪುಗಳ ಸದ್ದು ಅಳೆಯುವುದು. ಸುಯೋಗದಲ್ಲಿ ಸುದ್ದಿ ಹರಡಿದ ಮೇಲೆ ಕೆಲವರು ಅವನಿಗೆ ನಮಸ್ಕಾರ ಹೇಳುವುದನ್ನು ಬಿಟ್ಟರು. “ಒಬ್ಬಾಕಿ ಸಲುವಾಗಿ ಇಡೀ ಊರಿನ ಸುಖ ಕಳದ್ಯಲ್ಲೋ ಮಾರಾಯಾ” ಎಂದು ಒಬ್ಬರು ಲಿಫ್ಟಿನಲ್ಲಿ ಮುಖಕ್ಕೆ ಹೇಳಿಯೇಬಿಟ್ಟರು. ಇನ್ನು ಕೆಲವರು ಏನೂ ಹೇಳಲಿಲ್ಲ. ಅವರೂ ಅಂಗಳದಲ್ಲಿ ಕೂತಿದ್ದವರೇ. ತಮ್ಮ ತಮ್ಮ ಹುಬ್ಬುಗಳ ಲೆಕ್ಕ ಅವರಿಗೂ ಗೊತ್ತಾಗಿತ್ತು. ಸಾವಂತ್ರವ್ವನ ಬಾಗಿಲ ಮುಂದೆ ಹಾದುಹೋಗುವಾಗ ಅವರ ನಡಿಗೆ ಅವಸರವಾಗುತ್ತಿತ್ತು.

ಶಿವಲೀಲಾ ಮಾತ್ರ ಒಂದು ದಿನ ಕಡಬು ಮಾಡಿಕೊಂಡು ಎದುರು ಮನೆಗೆ ಹೋದಳು. ಬಹಳ ಹೊತ್ತಿನ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು.

ಅಂಗಳ ಖಾಲಿಯಾಯಿತು. ಸಾವಂತ್ರವ್ವನೂ ಇಳಿದು ಬರಲಿಲ್ಲ. ಚನ್ನವೀರ ಕಿಟಕಿಯಿಂದ ದಿನಾ ನೋಡುತ್ತಿದ್ದ. ಅವಳಿಗಾಗಿ ಇಷ್ಟೆಲ್ಲ ಮಾಡಿದೆ, ಅವಳೇ ಬಾರದಿದ್ದರೆ ಏನು ಬಂತು ಎಂದು ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೂ ನಾಚಿಕೆಯಾಯಿತು.

ವಾರಗಳು ಕಳೆದವು. ಒಂದು ಸಂಜೆ ಅವನು ಕೆಲಸದಿಂದ ಬಂದು ಅಂಗಳ ದಾಟುತ್ತಿದ್ದಾಗ ಗುಂಯ್ ಎಂದು ಅವನ ಹೆಸರು ಕೇಳಿಸಿತು. ಹೊಂಗೆಯ ಕೆಳಗೆ ಸಾವಂತ್ರವ್ವ ಕೂತಿದ್ದಳು. ಸುತ್ತ ಬೇರಾರೂ ಇಲ್ಲ. ಮೇಲಿನಿಂದ ಯಾರದೋ ಮಿಕ್ಸರು ಗರಗರ ಎನ್ನುತ್ತಿತ್ತು.

“ಬಾ ಇಲ್ಲೆ. ಕುಂದರು. ಬಾಜೂಕ ಅಲ್ಲ, ಎದುರಿಗೆ.”

ಅವನು ಎದುರಿನ ಕಟ್ಟೆಯ ಮೇಲೆ ಕೂತ. ಅವಳು ಕಡ್ಡಿಯನ್ನು ಕತ್ತಿಗೆ ಸರಿಯಾಗಿ ಒತ್ತಿಕೊಂಡಳು. ಕಣ್ಣನ್ನು ಅವನ ಮುಖದ ಮೇಲೆ ನೆಟ್ಟಳು. ಆಮೇಲೆ ನವಲಗುಂದದ ದಾರಿಯಲ್ಲಿ ಒಮ್ಮೆ ಬಸ್ಸಿನೊಳಗೆ ಕುರಿಮರಿ ನುಗ್ಗಿದ್ದು, ಅದಕ್ಕೆ ಟಿಕೆಟು ಹರಿಯಬೇಕೋ ಬೇಡವೋ ಎಂದು ಇಡೀ ಬಸ್ಸು ಜಗಳಕ್ಕೆ ನಿಂತದ್ದು, ಕೊನೆಗೆ ಕುರಿಮರಿಯೇ ಅವಳ ಟಿಕೆಟು ಚೀಲವನ್ನು ಮೇಯಲು ಶುರು ಮಾಡಿದ್ದು, ಎಲ್ಲವನ್ನೂ ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದಳು. ಚನ್ನವೀರ ನಗುವ ಕಡೆ ನಕ್ಕ. ನಗುವಾಗೆಲ್ಲ ತನ್ನ ಹಣೆಯ ಮೇಲೆ ಏನಾಗುತ್ತಿದೆಯೋ ಎಂದು ದಿಗಿಲಾಗುತ್ತಿತ್ತು. ಅದನ್ನು ಹೇಳಲು ಈಗ ಯಾವ ಕಂಬವೂ ಎಚ್ಚರವಿರಲಿಲ್ಲ.

ಕತೆ ಮುಗಿಯಿತು. ಲಾರಿಯೊಂದು ಹಾರ್ನು ಹೊಡೆದು ಹೋಯಿತು.

“ಅವ್ವಾ” ಎಂದ ಅವನು. “ಹುಬ್ಬು ಅಲಗ್ಯಾಡಿತೇನು?”

ಸಾವಂತ್ರವ್ವ ಮುಚ್ಚುಮರೆ ಮಾಡಲಿಲ್ಲ. “ಅಲಗ್ಯಾಡಿತು” ಎಂದಳು.

ಅವನು ಕೈಗಳನ್ನೇ ನೋಡುತ್ತ ಕೂತ. ಅವಳು ಸೆರಗು ಕೊಡವಿ ಎದ್ದು, ಎರಡು ಹೆಜ್ಜೆ ಹೋಗಿ, ತಿರುಗಿ ನಿಂತು, ಕಡ್ಡಿಯನ್ನು ಮತ್ತೆ ಕತ್ತಿಗೆ ಒತ್ತಿಕೊಂಡಳು.

“ನಾಳೆ ಬಾ.”